ರಕ್ತದ ಎಣಿಕೆಯೂ ಬುದ್ಧಿಯ ಮಾಂದ್ಯವೂ

ಮನೆಯಲ್ಲಿ ಒಬ್ಬರು ಹೇಳಿದ ಮಾತನ್ನು ಮೇಲಿಂದಮೇಲೆ ಮರೆತರೆ ಅದನ್ನು ಅಲಕ್ಷ್ಯವೆಂದೋ ಸೋಮಾರಿತನವೆಂದೋ ಗದರಿಸುವುದು ಲೋಕರೂಢಿ. ಆದರೆ ಮರೆವು ದೇಹವ್ಯಾಧಿಯ ಫಲವೂ ಆಗಿರಬಹುದು. ಎಚ್‌ಐವಿ ಸೋಂಕಿನೊಡನೆ ಬಾಳುವವರಿರುವ ಮನೆಗಳಲ್ಲಿ ಈ ತಿಳಿವಳಿಕೆಯು ಅತ್ಯವಶ್ಯಕವಾದುದರಿಂದ ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತೇವೆ.

1983ರಲ್ಲಿ ಪ್ಯಾರಿಸ್ ನಗರದ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಕಂಡುಹಿಡಿದ ಈ ವೈರಸ್ಸು, ರಕ್ತದ ಬಿಳಿಯ ಕಣಗಳಲ್ಲಿ ಸಿಡಿ4 ಎಂಬ ಗುರುತುಳ್ಳವನ್ನು ಮುಖ್ಯವಾಗಿ ನಾಶಪಡಿಸುತ್ತದೆ. ರೋಗಗಳೊಡನೆ ಹೋರಾಡುವ ಸೇನೆಗೆ ಇವೇ ದಳವಾಯಿಗಳು. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರು ರಕ್ತದಲ್ಲಿ ಇವು ಸುಮಾರು 500ರಿಂದ 1500ರ ವರೆಗೆ ಇರುತ್ತವೆ. 200ಕ್ಕಿಂತ ಕೆಳಗಿಳಿದರೆ ಏಡ್ಸ್ ಅವಸ್ಥೆಯೆಂದು ವೈದ್ಯರು ಎಣಿಸುವರು.

ರಕ್ತದ ವ್ಯಾಧಿಯಿಂದ ಬುದ್ಧಿಗೆ ಹಾನಿಯೆಂತು? ವೈರಸ್ಸು ಕೆಲವು ರಕ್ತಕಣಗಳೊಳಗೆ ಅಡಗಿ ಮಿದುಳನ್ನು ಹೊಕ್ಕು, ಅಲ್ಲಿಯ ಕಾವಲು ಕೋಶಗಳಲ್ಲಿ ಬೀಡುಬಿಡುತ್ತದೆ. ಕೆರಳಿದ ಆ ಕೋಶಗಳು ಸೂಸುವ ದ್ರವ್ಯಗಳಿಂದ ನೆರೆಯ ನರಕೋಶಗಳು ನೋಯುತ್ತವೆ. ಕಳ್ಳನನ್ನು ಹಿಡಿಯಹೋದ ಕಾವಲುಗಾರನೇ ಮನೆಯ ಮಡಕೆಗಳನ್ನು ಒಡೆದಂತೆ. ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ನಿಯೋಪ್ಟೆರಿನ್ ಎಂಬ ದ್ರವ್ಯವು ಹೆಚ್ಚಿರುವುದು ಈ ಕೆರಳಿಕೆಯ ಒಂದು ಕುರುಹು. ಆಗ ಕುಂದುವುದು ಕಲಿತ ವಿದ್ಯೆಯಲ್ಲ. ಯೋಚನೆಯ ವೇಗ, ಏಕಾಗ್ರತೆ, ಬೇಕಾದಾಗ ನೆನಪಿಗೆ ತಂದುಕೊಳ್ಳುವ ಶಕ್ತಿ.

1996ರ ಸುಮಾರಿಗೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಕ್ರಮವು ಬಂದಮೇಲೆ ಘೋರವಾದ ಬುದ್ಧಿಭ್ರಂಶವು ವಿರಳವಾಯಿತು. ಆದರೂ ಅಮೆರಿಕದಲ್ಲಿ 1555 ಮಂದಿಯನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಚಾರ್ಟರ್ ಎಂಬ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಏನಾದರೊಂದು ಕೊರತೆ ಕಂಡಿತು, ಬಹುಪಾಲು ಲಘುವಾದುದೇ. ಆ ಅಧ್ಯಯನದಿಂದಲೇ 2011ರಲ್ಲಿ ಇನ್ನೊಂದು ವಿಷಯವೂ ಹೊರಬಿತ್ತು. ಸಿಡಿ4 ಎಣಿಕೆಯು ಹಿಂದೆ ಎಂದಾದರೂ ಬಹಳ ಕೆಳಗಿಳಿದಿದ್ದವರಲ್ಲಿ, ಈಗ ಔಷಧದಿಂದ ಅದು ಏರಿದ್ದರೂ, ಕೊರತೆಯ ಸಂಭವವು ಹೆಚ್ಚು. ಬರಗಾಲದಲ್ಲಿ ಒಣಗಿದ ತೋಟದ ಗಿಡಗಳೆಲ್ಲವೂ ಮುಂದಿನ ವರ್ಷ ಕೆರೆ ಕೋಡಿ ಹರಿದ ಮಾತ್ರಕ್ಕೆ ಚಿಗುರುವುವೆ?

ಆದುದರಿಂದ ಎಣಿಕೆಯು ಇಳಿಯುವ ಮೊದಲೇ ಪರೀಕ್ಷೆಯೂ ಚಿಕಿತ್ಸೆಯೂ ಆಗತಕ್ಕದ್ದು. ನಮ್ಮ ದೇಶದಲ್ಲಿ ಸರ್ಕಾರವು 2004ರಿಂದ ಈ ಔಷಧಗಳನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆಯುಂಟು. ನಾಚಿಕೆಯಿಂದ ಕಾಲ ಕಳೆಯುವುದು ಬುದ್ಧಿಗೇ ಕುತ್ತು.

ಮನೆಯವರ ಹೊಣೆಯೂ ಅಲ್ಪವಲ್ಲ. ಮರೆವಿನಿಂದ ಗುಳಿಗೆ ತಪ್ಪುವುದು. ಗುಳಿಗೆ ತಪ್ಪಿದರೆ ವೈರಸ್ಸು ಮತ್ತೆ ಬೆಳೆಯುವುದು. ಅದರಿಂದ ಮರೆವು ಇನ್ನಷ್ಟು ಹೆಚ್ಚಬಹುದು. ಈ ಚಕ್ರವನ್ನು ಮುರಿಯಲು ನಿತ್ಯದ ಊಟದ ವೇಳೆಗೇ ಗುಳಿಗೆಯನ್ನು ಹೊಂದಿಸಿ, ಪಂಚಾಂಗದಲ್ಲಿ ಗುರುತು ಹಾಕಿ, ಒಂದು ಸಲಕ್ಕೆ ಒಂದೇ ಕೆಲಸವನ್ನು ಹೇಳಿರಿ. ಮನೋವ್ಯಥೆ, ನಿದ್ರಾಭಾವ, ಥೈರಾಯ್ಡ್ ದೋಷಗಳಿಂದಲೂ ಮರೆವು ಬರುವುದುಂಟಾದುದರಿಂದ ನಾವೇ ನಿರ್ಣಯಿಸದೆ ವೈದ್ಯರಿಗೆ ತಿಳಿಸುವುದು ಲೇಸು. ನೆರೆಯವರಿಗೆ ಹೇಳುವುದು ಮಾತ್ರ ಬೇಡ. ಆ ವ್ಯಕ್ತಿಯ ರೋಗವೃತ್ತಾಂತವು ಆತನ ಸ್ವಂತದ್ದು. ಎರಡು ಸಲ ಹೇಳಿದುದನ್ನು ಮೂರನೆಯ ಸಲವೂ ಶಾಂತವಾಗಿ ಹೇಳುವುದು ಔಷಧದಷ್ಟೇ ಅವಶ್ಯಕವೆಂದು ನಾವು ಭಾವಿಸುತ್ತೇವೆ.