ಛಾಪಾ ಕಾಗದ ತರುವವರು

ಕಲ್ಪೆಟ್ಟದಲ್ಲಿ ವಕೀಲಿಕೆ ಆರಂಭಿಸಿದ ದಿನಗಳಲ್ಲಿ ನಾನು ಹಲವು ಸಲ ಕಂಡ ದೃಶ್ಯವಿದು: ಕ್ರಯಪತ್ರದ ಕರಡು ಸಿದ್ಧ, ಕಕ್ಷಿಗಳಿಬ್ಬರೂ ಹಾಜರು, ಆದರೆ ಛಾಪಾ ಕಾಗದ ಮುಗಿದಿದೆ, ನೋಂದಣಿ ನಿಂತಿದೆ. ಖಜಾನೆಯಿಂದ ಅದನ್ನು ಹೊತ್ತು ತರುವವನ ಹೆಸರು ಮಾತ್ರ ಯಾವ ಪತ್ರದಲ್ಲಿಯೂ ಇರುವುದಿಲ್ಲ. ನಮ್ಮ ಜೀವಕೋಶದೊಳಗೂ ಇಂತಹ ಅನಾಮಧೇಯ ಸೇವಕರಿದ್ದಾರೆ.

ಗಾಯ ಮಾಯಲು, ಅಂಗಾಂಗ ಬೆಳೆಯಲು ಜೀವಕೋಶಕ್ಕೆ ಹೊರಗಿನಿಂದ ಆದೇಶ ಬರಬೇಕು. ಆ ಆದೇಶವನ್ನು ತರುವ ಪ್ರೋಟೀನುಗಳೇ ವೃದ್ಧಿಕಾರಕಗಳು. ಅವುಗಳ ಶೋಧಕ್ಕಾಗಿ ರೀಟಾ ಲೆವಿ-ಮೊಂಟಾಲ್ಚಿನಿ ಹಾಗೂ ಸ್ಟ್ಯಾನ್ಲಿ ಕೊಹೆನ್ ಅವರಿಗೆ 1986ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆದೇಶವು ಕೋಶದ ಹೊರಪೊರೆಗೆ ತಲುಪಿದೊಡನೆ, ಪೊರೆಯ ಒಳಮೈಯಲ್ಲಿರುವ ಪಿಐಪಿ2 ಎಂಬ ಕೊಬ್ಬಿನ ಅಣುವನ್ನು ಕಿಣ್ವವೊಂದು ಸೀಳುತ್ತದೆ. ಆ ತುಂಡುಗಳೇ ಸುದ್ದಿಯನ್ನು ಮುಂದೆ ಒಯ್ಯುತ್ತವೆ. ಈ ಅಣುವಿನ ದಾಸ್ತಾನು ಅತ್ಯಲ್ಪ. ಅದರ ಮೂಲವಸ್ತು ತಯಾರಾಗುವುದು ಕೋಶದ ಒಳಗಣ ಬೇರೊಂದು ಪೊರೆಜಾಲದಲ್ಲಿ. ಕೊಬ್ಬು ನೀರಿನಲ್ಲಿ ತಾನಾಗಿ ಸಾಗದು. ಅದನ್ನು ತನ್ನ ಒಡಲಲ್ಲಿ ಅಡಗಿಸಿಕೊಂಡು ಹೊರಪೊರೆಗೆ ಮುಟ್ಟಿಸುವುದೇ ಲಿಪಿಡ್ ವರ್ಗಾವಣೆ ಪ್ರೋಟೀನು. ವೃದ್ಧಿಕಾರಕ ಬಂದಾಗ, ಎರಡೂ ಪೊರೆಗಳು ಸಮೀಪಿಸುವ ತಾಣಗಳಲ್ಲಿ ನಿರ್2 ಎಂಬ ಇಂತಹ ಪ್ರೋಟೀನು ಬಂದು ನೆರೆಯುತ್ತದೆ. ಅದು ಇಲ್ಲವಾದರೆ ದಾಸ್ತಾನು ಮತ್ತೆ ತುಂಬುವುದು ಕುಂಠಿತವಾಗುತ್ತದೆ.

ಇದೇ ಕುಟುಂಬದ ಆರ್‌ಡಿಜಿಬಿ ಎಂಬ ಪ್ರೋಟೀನನ್ನು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ರಘು ಪಡಿಂಜಾಟ್ ಅವರ ತಂಡವು ಹಣ್ಣುನೊಣದ ಕಣ್ಣಿನಲ್ಲಿ ಅಭ್ಯಸಿಸಿದೆ. ಅದು ಕೆಟ್ಟ ನೊಣದ ಕಣ್ಣಿನಲ್ಲಿ ಬೆಳಕಿಗೆ ದೊರೆಯುವ ಪ್ರತಿಕ್ರಿಯೆ ಕ್ಷೀಣಿಸಿ, ದೃಷ್ಟಿಕೋಶಗಳು ನಶಿಸುತ್ತವೆ.

ನೊಣದ ಕಣ್ಣಿನಿಂದ ನಮಗೇನು ಪ್ರಯೋಜನ ಎನ್ನುವಿರಾದರೆ ಕೇಳಿ: ಅನೇಕ ಅರ್ಬುದ ರೋಗಗಳಲ್ಲಿ ಈ ಪಿಐಪಿ2 ಅಣುವನ್ನೇ ಬಳಸುವ ಪಿಐ3ಕೆ ಎಂಬ ಕಿಣ್ವ ಅಂಕೆ ಮೀರಿರುತ್ತದೆ. ಅದನ್ನು ತಡೆಯುವ ಔಷಧಕ್ಕೆ ಪೇಟೆಂಟ್ ದೊರೆಯಬಹುದು. ಆದರೆ ನಿಸರ್ಗದಲ್ಲಿರುವ ವಸ್ತುವಿನ ಬರಿಯ ಶೋಧಕ್ಕೆ, 1970ರ ಪೇಟೆಂಟ್ ಕಾಯಿದೆಯ 3(ಸಿ) ಕಲಮಿನಂತೆ, ಅದು ದೊರೆಯದು. ಈ ನಿಯಮ ನ್ಯಾಯವಾದುದೇ; ಜೀವಕೋಶದ ಹಮಾಲನು ಯಾರೊಬ್ಬರ ಆಸ್ತಿಯೂ ಆಗಬಾರದು. ಆದರೆ ಯಾರ ಆಸ್ತಿಯೂ ಅಲ್ಲದುದನ್ನು ಹುಡುಕಲು ಲಾಭಾಪೇಕ್ಷಿಗಳು ಸುಲಭವಾಗಿ ಹಣ ಹೂಡರು. ಆ ಹೊಣೆ ಸಾರ್ವಜನಿಕ ಬೊಕ್ಕಸದ್ದು, ಅಂದರೆ ನಮ್ಮದು.

ಔಷಧದ ಬೆಲೆಯೇರಿದಾಗ ನಾವು ನ್ಯಾಯಾಲಯದ ಮೆಟ್ಟಿಲೇರುತ್ತೇವೆ. ಅದಕ್ಕೂ ಎಷ್ಟೋ ವರ್ಷ ಮೊದಲು ನೊಣದ ಕಣ್ಣನ್ನು ಪರೀಕ್ಷಿಸುತ್ತ ಕುಳಿತ ಸಂಶೋಧನಾ ವಿದ್ಯಾರ್ಥಿಗೆ ವೇತನ ಸಕಾಲಕ್ಕೆ ಸಂದಿತೇ ಎಂಬುದನ್ನೂ ಕೇಳಬೇಕು.