ಅಸಲು ದಾಖಲೆ ಇರುವುದು ನಿಮ್ಮ ಕಪಾಟಿನಲ್ಲೇ

ಇವರಿಗೆ,
ಸಾರಿಗೆ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ತೀರಿಕೊಂಡವರ ಹೆಸರಿನಲ್ಲಿ ಉಳಿದಿರುವ, ಆರ್‌ಸಿ ಇಲ್ಲದ ಹಳೆಯ ಬೈಕುಗಳಿಗೆ ಒಂದೇ ಅರ್ಜಿಯಲ್ಲಿ ದಾಖಲೆ ಮಾಡಿಕೊಡುವ ಕುರಿತು.

ಮಾನ್ಯರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಮಗ್ಗುಲಿಗೋ ಕಟ್ಟಿಗೆ ಒಟ್ಟುವ ಮಾಡಿನ ಕೆಳಗೋ ಒಂದು ಹಳೆಯ ಬೈಕು ನಿಂತಿರುವುದು ಅಪರೂಪವಲ್ಲ. ಕೆಲವು ಮನೆಗಳಲ್ಲಿ ಅದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. 1961ರಲ್ಲಿ ಜಾವಾ ತಯಾರಿಸಲು ತೊಡಗಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿದು, 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ ಅದು. ಇನ್ನು ಕೆಲವು ಮನೆಗಳಲ್ಲಿ 1985ರ ನಂತರ ಬಂದ ಯಮಹಾ ಆರ್‌ಎಕ್ಸ್ 100, ಬಹಳ ಕಡೆ ಬಜಾಜ್ ಎಂ80. ಬಸ್ಸು ಬಾರದ ಕೇರಿಗಳಿಂದ ಹಾಲಿನ ಕ್ಯಾನು, ಗೊಬ್ಬರದ ಚೀಲ, ಶಾಲೆಯ ಮಕ್ಕಳು, ಜ್ವರ ಬಂದವರು ಎಲ್ಲರನ್ನೂ ಪೇಟೆ ಮುಟ್ಟಿಸಿದ ಗಾಡಿಗಳಿವು. ನಮ್ಮ ಮನೆಯಲ್ಲೂ ಅಪ್ಪಯ್ಯ ಓಡಿಸಿದ್ದ ಒಂದು ಯೆಜ್ಡಿ ಇದೆ.

ಇಂಥ ಗಾಡಿಗಳಿಗೆ ಪೆಟ್ರೋಲ್ ಹಾಕಿ, ಕಾರ್ಬುರೇಟರ್ ಬಿಚ್ಚಿ ತೊಳೆದರೆ ಎಂಜಿನ್ ಇವತ್ತಿಗೂ ಶುರುವಾಗುತ್ತದೆ. ಆದರೆ ರಸ್ತೆಗೆ ಇಳಿಸುವ ಹಾಗಿಲ್ಲ, ಏಕೆಂದರೆ ಆರ್‌ಸಿ ಬುಕ್ ಇಲ್ಲ. ಮಲೆನಾಡಿನ ಮಳೆಗೆ ಬೂಷ್ಟು ಹಿಡಿದು, ಒರಲೆಗೆ ತುತ್ತಾಗಿ, ಹಿಸೆಯಾದಾಗ ಯಾರದೋ ಪೆಟ್ಟಿಗೆ ಸೇರಿ ಕಾಗದಗಳು ಕಾಣೆಯಾಗಿವೆ. ಈ ಪತ್ರ ಯಾವ ಕಚೇರಿಯ ಮೇಲಿನ ದೂರೂ ಅಲ್ಲ, ಯಾವ ಸಿಬ್ಬಂದಿಯ ಮೇಲಿನ ದೂರೂ ಅಲ್ಲ. ನಿಯಮಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿದ್ದಿರುವ ಗಂಟನ್ನು ತಮಗೆ ತೋರಿಸುವುದಷ್ಟೇ ಇದರ ಉದ್ದೇಶ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ನ್ನೇ ನೋಡೋಣ. ಆರ್‌ಸಿ ಕಳೆದರೆ ನಿಯಮ 53ರ ಪ್ರಕಾರ ಮಾಲೀಕರು ಪೊಲೀಸ್ ಠಾಣೆಗೆ ತಿಳಿಸಬೇಕು, ಆರ್‌ಸಿ ಕೊಟ್ಟ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸಬೇಕು, ಫಾರಂ 26ರಲ್ಲಿ ಅರ್ಜಿ ಹಾಕಬೇಕು. ಮಾಲೀಕರು ತೀರಿಕೊಂಡರೆ ನಿಯಮ 56ರ ಪ್ರಕಾರ ವಾರಸುದಾರರು 30 ದಿನದೊಳಗೆ ತಿಳಿಸಿ, ಆಮೇಲೆ ಫಾರಂ 31ರಲ್ಲಿ ವರ್ಗಾವಣೆ ಕೇಳಬೇಕು. ನೋಂದಣಿಯ ಹದಿನೈದು ವರ್ಷ ಮುಗಿದರೆ ಫಾರಂ 25ರಲ್ಲಿ ನವೀಕರಣ. ಒಂದೊಂದನ್ನೇ ಬೇರೆಯಾಗಿ ನೋಡಿದರೆ ಎಲ್ಲವೂ ಸರಿಯೇ.

ಈಗ ಈ ಮೂರೂ ಒಂದೇ ಬೈಕಿಗೆ ಬಂದವು ಎಂದುಕೊಳ್ಳಿ. ಫಾರಂ 26ಕ್ಕೆ ಸಹಿ ಹಾಕಬೇಕಾದ ಮಾಲೀಕರು ಬದುಕಿಲ್ಲ. ಮಗನ ಹೆಸರಿಗೆ ಮಾಡಿಸೋಣವೆಂದರೆ ಫಾರಂ 31ರ ಜೊತೆಗೆ ಆರ್‌ಸಿಯನ್ನೇ ಲಗತ್ತಿಸಬೇಕು. ನವೀಕರಣಕ್ಕೂ ಆರ್‌ಸಿ ಬೇಕು, ಮಾಲೀಕರ ಸಹಿ ಬೇಕು, ಚಾಲ್ತಿಯಲ್ಲಿರುವ ವಿಮೆ ಬೇಕು. ನೋಂದಣಿಯ ಅವಧಿ ಮುಗಿದ, ತೀರಿಕೊಂಡವರ ಹೆಸರಿನ ಗಾಡಿಗೆ ವಿಮೆ ಮಾಡಿಸುವುದು ಸುಲಭವಲ್ಲ. ಹೀಗೆ ಮೊದಲನೆಯ ಅರ್ಜಿಗೆ ಎರಡನೆಯದು ಆಗಿರಬೇಕು, ಎರಡನೆಯದಕ್ಕೆ ಮೂರನೆಯದು, ಮೂರನೆಯದಕ್ಕೆ ಮತ್ತೆ ಮೊದಲನೆಯದು. ಅನುಭವಸ್ಥ ಅಧಿಕಾರಿಯೊಬ್ಬರು ಅಫಿಡವಿಟ್ಟು, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬರೆಸಿಕೊಂಡು ದಾರಿ ಮಾಡಿಕೊಡಬಹುದು. ಇನ್ನೊಬ್ಬರು ನಿಯಮ ಓದಿ ವಾಪಸು ಕಳಿಸಬಹುದು. ಇಬ್ಬರದೂ ತಪ್ಪಲ್ಲ. ಏನು ಮಾಡಬೇಕೆಂದು ಬರೆದಿಟ್ಟ ಒಂದು ಸುತ್ತೋಲೆ ಕೈಯಲ್ಲಿದ್ದರೆ ಇಬ್ಬರೂ ಒಂದೇ ಉತ್ತರ ಕೊಡುತ್ತಿದ್ದರು.

ನಾಲ್ಕನೆಯ ತೊಡಕು ಕಂಪ್ಯೂಟರಿನದು. 1988ರ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದದ್ದು 1989ರ ಜುಲೈ 1ರಂದು. ಕೆಎ 30 ಕಾರವಾರಕ್ಕೆ, ಕೆಎ 31 ಶಿರಸಿಗೆ ಎಂಬ ಗುರುತುಗಳು ಆ ಮೇಲಿನವು. ಅದಕ್ಕೂ ಹಿಂದಿನ ಮೂರಕ್ಷರದ ನಂಬರಿನ ಗಾಡಿಯ ವಿವರ ಕಾರವಾರದ ಪುಸ್ತಕದಲ್ಲಿರಬಹುದು. ಯಲ್ಲಾಪುರದವರು ಹುಬ್ಬಳ್ಳಿಯಲ್ಲಿ, ಸಿದ್ದಾಪುರದವರು ಶಿವಮೊಗ್ಗದ ಕಡೆ ಕೊಂಡಿದ್ದರೆ ಅಲ್ಲಿಯ ಪುಸ್ತಕದಲ್ಲಿರಬಹುದು. ವಾಹನ್ ತಂತ್ರಾಂಶಕ್ಕೆ ಏರದ ನಂಬರನ್ನು ಆನ್‌ಲೈನಿನಲ್ಲಿ ಹಾಕಿದರೆ ಅರ್ಜಿ ಮುಂದಕ್ಕೇ ಹೋಗುವುದಿಲ್ಲ, ಡಿಜಿಲಾಕರಿನಲ್ಲೂ ಏನೂ ಸಿಗುವುದಿಲ್ಲ. ಸಕಾಲ ಕಾಯ್ದೆ ತಡವಾದ ಸೇವೆಗೆ ದಿನಕ್ಕೆ 20 ರೂಪಾಯಿ ಪರಿಹಾರ ಕೊಡಿಸುತ್ತದೆ ನಿಜ. ಆದರೆ ಅರ್ಜಿ ಸ್ವೀಕಾರವಾಗಿ ನಂಬರ್ ಬಿದ್ದ ಮೇಲಷ್ಟೇ ಅದರ ಲೆಕ್ಕ ಶುರು. ಸ್ವೀಕಾರವೇ ಆಗದ ಅರ್ಜಿಗೆ ಗಡುವು ಎಲ್ಲಿಂದ ಬರಬೇಕು?

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ಆರ್‌ಸಿ ಎನ್ನುವುದು ಅಸಲು ದಾಖಲೆಯಲ್ಲ, ನಿಮ್ಮ ಇಲಾಖೆಯ ನೋಂದಣಿ ಪುಸ್ತಕದಲ್ಲಿ ಬರೆದಿರುವುದರ ಪ್ರತಿ. ಅಸಲು ಇರುವುದು ನಿಮ್ಮ ಕಚೇರಿಯ ಬಿ ರಿಜಿಸ್ಟರಿನಲ್ಲಿ. ನಾವು ಕಳೆದುಕೊಂಡದ್ದು ಪ್ರತಿಯನ್ನು ಮಾತ್ರ. ಹಾಗಿರುವಾಗ ಗಾಡಿ ನಮ್ಮದೆಂದು ಸಾಬೀತುಪಡಿಸುವ ಭಾರವನ್ನೆಲ್ಲ ನಮ್ಮ ಮೇಲೆ ಹಾಕುವುದಕ್ಕಿಂತ ಮೊದಲು ಆ ಪುಸ್ತಕವನ್ನು ತೆರೆದು ನೋಡುವುದು ನ್ಯಾಯವಲ್ಲವೇ?

ಎಚ್ಚರಿಕೆ ಬೇಡ ಎಂದು ಹೇಳುತ್ತಿಲ್ಲ. ಕದ್ದ ಬೈಕಿಗೆ ನಕಲಿ ಆರ್‌ಸಿ ಗಿಟ್ಟಿಸುವವರು ಇದ್ದಾರೆ, ಪೊಲೀಸ್ ವರದಿ ಕೇಳುವುದು ಅದಕ್ಕೇ. ಆದರೆ ಕಳ್ಳನನ್ನು ಹಿಡಿದುಕೊಡುವುದು ಛಾಪಾ ಕಾಗದವಲ್ಲ, ಚಾಸಿ ನಂಬರು. ಪೆನ್ಸಿಲಿನಲ್ಲಿ ಉಜ್ಜಿ ತೆಗೆದ ಚಾಸಿ ಪ್ರಿಂಟನ್ನೂ ಎಂಜಿನ್ ನಂಬರನ್ನೂ ಬಿ ರಿಜಿಸ್ಟರಿನ ಸಾಲಿಗೆ ತಾಳೆ ನೋಡಿ, ಕಳುವಾದ ವಾಹನಗಳಿಗಾಗಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ನಡೆಸುವ ವಾಹನ ಸಮನ್ವಯದಲ್ಲಿ ಹುಡುಕಿದರೆ ಸಂಶಯ ಬಹುಪಾಲು ತೀರುತ್ತದೆ. ರಿಜಿಸ್ಟರಿನ ತಾಳೆ ನಿಮ್ಮ ಇಲಾಖೆಯಿಂದ ಮಾತ್ರ ಸಾಧ್ಯ, ನಮ್ಮಿಂದ ಆಗದು.

ಬ್ಯಾಂಕಿನ ಮಾತೂ ಇದೆ. ಸಾಲ ಮಾಡಿ ಕೊಂಡ ಗಾಡಿಯ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರುತ್ತಿತ್ತು. ಸಾಲ ತೀರಿಸಿದವರೆಲ್ಲ ಫಾರಂ 35 ಕೊಟ್ಟು ಹೆಸರು ತೆಗೆಸಲಿಲ್ಲ. ಈಗ ಡೂಪ್ಲಿಕೇಟ್ ಕೇಳಿದರೆ ಆ ಬ್ಯಾಂಕಿನ ಒಪ್ಪಿಗೆ ಬೇಕು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕನ್ನೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕನ್ನೂ ಸೇರಿದವು. ಎಂದೋ ಮುಗಿದುಹೋದ ಸಾಲದ ಲೆಜರನ್ನು ಇವತ್ತಿನ ಮ್ಯಾನೇಜರು ಯಾವ ಗೋದಾಮಿನಲ್ಲಿ ಹುಡುಕಬೇಕು?

ಖರ್ಚಿನ ಲೆಕ್ಕವನ್ನೂ ನೋಡಿ. 2022ರ ಏಪ್ರಿಲ್‌ನಿಂದ ಬೈಕಿನ ನೋಂದಣಿ ನವೀಕರಣಕ್ಕೆ 1,000 ರೂಪಾಯಿ. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್‌ನಲ್ಲಿ ಅದು 2,000 ಆಯಿತು. ತಡವಾದರೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ, ಅಂದರೆ ಮೂರು ವರ್ಷ ತಡವಾದರೆ 10,800. ಹಸಿರು ತೆರಿಗೆ, ವಿಮೆ, ನೋಟರಿ ಇವೆಲ್ಲ ಬೇರೆ. ಗುಜರಿಯವನಿಗೆ ಕೊಟ್ಟರೆ ಇದರ ಅರ್ಧವೂ ಹುಟ್ಟದ ಎಂ80 ಒಂದಕ್ಕೆ ಇಷ್ಟು ಹಣ ಕಟ್ಟುವ ತೋಟಿಗರು ಎಷ್ಟು ಜನ ಸಿಕ್ಕಾರು? ಸರ್ಕಾರದ ಗುಜರಿ ನೀತಿಯಂತೆ ಅಧಿಕೃತ ಕೇಂದ್ರಕ್ಕೆ ಒಪ್ಪಿಸೋಣವೆಂದರೆ ಅಲ್ಲಿಯೂ ಆರ್‌ಸಿ ಕೇಳುತ್ತಾರೆ.

50 ವರ್ಷ ದಾಟಿದ ಗಾಡಿಗೆ 2021ರಲ್ಲಿ ಬಂದ ವಿಂಟೇಜ್ ನಿಯಮವಿದೆ ಎಂದು ತಾವು ಹೇಳಬಹುದು. ಹೊಸ ನೋಂದಣಿಗೆ 20,000 ರೂಪಾಯಿ ತೆಗೆದುಕೊಳ್ಳುವ ಆ ನಿಯಮ ಗಾಡಿಯನ್ನು ಪ್ರದರ್ಶನಕ್ಕೂ ರ‍್ಯಾಲಿಗೂ ಬಿಡುತ್ತದೆ, ದಿನಬಳಕೆಗೆ ಬಿಡುವುದಿಲ್ಲ. ಸಂಗ್ರಹಕಾರರಿಗೆ ಅದು ಒಳ್ಳೆಯದೇ. ತೋಟದಿಂದ ಸೊಸೈಟಿಗೆ ಹೋಗಿಬರುವವನಿಗೆ ಅದರಿಂದ ಪ್ರಯೋಜನವಿಲ್ಲ.

ದಾಖಲೆಯಾಗದ ಗಾಡಿಗಳೆಲ್ಲ ಮಾಡಿನ ಕೆಳಗೇ ಸುಮ್ಮನೆ ನಿಂತಿರುತ್ತವೆ ಎಂದು ತಿಳಿಯಬೇಡಿ. ಕೆಲವು ಒಳರಸ್ತೆಗಳಲ್ಲಿ ವಿಮೆಯಿಲ್ಲದೆ ಓಡಾಡುತ್ತಿವೆ. ಕೆಲವು ಚೀಟಿಯಿಲ್ಲದೆ ಕೈ ಬದಲಾಗುತ್ತವೆ. ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ಸ್ಪಷ್ಟವಾಗಿದೆ: ಗಾಡಿ ಯಾರ ಕೈ ಸೇರಿದ್ದರೂ ಅಪಘಾತದ ಪರಿಹಾರಕ್ಕೆ ಹೊಣೆ ನೋಂದಣಿಯಲ್ಲಿ ಹೆಸರಿರುವ ಮಾಲೀಕನೇ. ಆ ಮಾಲೀಕ ಬದುಕಿಲ್ಲ, ವಿಮೆಯೂ ಇಲ್ಲ ಎಂದಾದರೆ ಗಾಯಗೊಂಡ ಬಡಪಾಯಿ ಪರಿಹಾರಕ್ಕೆ ಯಾರ ಮನೆಯ ಬಾಗಿಲು ತಟ್ಟಬೇಕು? ಹಳೆಯ ಬೈಕಿನ ದಾಖಲೆ ಆ ಮನೆಯವರ ನೆನಪಿನ ಪ್ರಶ್ನೆಯಷ್ಟೇ ಅಲ್ಲ, ರಸ್ತೆಯಲ್ಲಿ ನಡೆಯುವ ಎಲ್ಲರ ಪ್ರಶ್ನೆ.

ದಾರಿ ಹುಡುಕಲು ದೂರ ಹೋಗಬೇಕಿಲ್ಲ. ತೀರಿಕೊಂಡವರ ಹೆಸರಿನಲ್ಲಿ ಉಳಿದ ಜಮೀನಿಗೆ ಕಂದಾಯ ಇಲಾಖೆ ಪೌತಿ ಖಾತೆ ಆಂದೋಲನ ನಡೆಸಿ ವಾರಸುದಾರರ ಹೆಸರಿಗೆ ಮಾಡಿಕೊಡುತ್ತಿದೆ. ಎಕರೆಗಟ್ಟಲೆ ಭೂಮಿಗೆ ಆಗುವ ಕೆಲಸ ಒಂದು ಬೈಕಿಗೆ ಆಗದೇ? ಲೈಸೆನ್ಸಿಗಾಗಿ ತಾಲೂಕುಗಳಲ್ಲಿ ಕ್ಯಾಂಪ್ ಮಾಡುವುದು ನಿಮ್ಮ ಇಲಾಖೆಗೂ ಹೊಸತಲ್ಲ. ಆದ್ದರಿಂದ ನಮ್ಮ ಬೇಡಿಕೆಗಳು ಇಷ್ಟು:

1. ಡೂಪ್ಲಿಕೇಟ್ ಆರ್‌ಸಿ, ಪೌತಿ ವರ್ಗಾವಣೆ, ನವೀಕರಣ ಮೂರನ್ನೂ ಒಂದೇ ಅರ್ಜಿಯಲ್ಲಿ, ಒಂದೇ ತಪಾಸಣೆಯಲ್ಲಿ ಮುಗಿಸುವ ಸುತ್ತೋಲೆ ಹೊರಡಿಸಿ. ಯಾವ ಯಾವ ಕಾಗದ ಬೇಕೆಂಬ ಪಟ್ಟಿಯನ್ನು ಕನ್ನಡದಲ್ಲಿ ಗೋಡೆಗೆ ಅಂಟಿಸಿ.

2. ಗಾಡಿಯ ನಂಬರ್ ಕೊಟ್ಟರೆ ಬಿ ರಿಜಿಸ್ಟರ್ ಹುಡುಕಿ ವಾಹನ್‌ಗೆ ಏರಿಸುವ ಕೆಲಸ ಇಲಾಖೆಯದಾಗಲಿ. ಪುಸ್ತಕ ಬೇರೆ ಜಿಲ್ಲೆಯಲ್ಲಿದ್ದರೆ ಕಚೇರಿಯೇ ಕಚೇರಿಗೆ ಬರೆದು ತರಿಸಿಕೊಳ್ಳಲಿ. ಪುಸ್ತಕವೇ ಹಾಳಾಗಿದ್ದರೆ ಹಾಗೆಂದು ಲಿಖಿತವಾಗಿ ಕೊಡಲಿ.

3. ಬಹಳ ಹಿಂದಿನ ಸಾಲದ ನಮೂದನ್ನು ತೆಗೆಯಲು, ಬಾಕಿ ಇಲ್ಲವೆಂಬ ಒಂದೇ ನಮೂನೆಯ ಪತ್ರವನ್ನು ವಿಲೀನವಾದ ಬ್ಯಾಂಕುಗಳಿಂದ ಒಪ್ಪಿಕೊಳ್ಳುವ ವ್ಯವಸ್ಥೆ ಮಾಡಿ.

4. ಕೊನೆಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಹಳೆಯ ಬೈಕುಗಳಿಗೆಂದೇ ಕ್ಯಾಂಪ್ ನಡೆಸಿ. ಓಡದ ಗಾಡಿಯನ್ನು ಪಿಕಪ್‌ನಲ್ಲಿ ಹೇರಿಕೊಂಡು ತರುವವರಿಗೆ ಅಷ್ಟು ಹತ್ತಿರವಾದರೂ ಇರಲಿ.

5. ಕೇಂದ್ರದ ಶುಲ್ಕ ತಮ್ಮ ಕೈಯಲ್ಲಿಲ್ಲ ಎಂಬುದು ಗೊತ್ತು. ಮಾಲೀಕರ ಮರಣದಿಂದಾದ ತಡಕ್ಕೆ ದಂಡ ಬೇಡವೆಂದು ದೆಹಲಿಗೆ ಶಿಫಾರಸು ಬರೆಯುವುದು ರಾಜ್ಯದ ಕೈಯಲ್ಲಿದೆ.

ಈ ಪತ್ರ ಓದುವ ನನ್ನೂರಿನವರಿಗೂ ಒಂದು ಮಾತು. ಆರ್‌ಸಿ ಮನೆಯಲ್ಲಿದ್ದರೆ ಇವತ್ತೇ ಅದರ ಫೋಟೋ ತೆಗೆದಿಡಿ, ಹೆಸರು ಯಾರದೆಂದು ನೋಡಿ. ಹಿರಿಯರು ಇರುವಾಗಲೇ ವರ್ಗಾವಣೆ ಮಾಡಿಸಿ. ಕಳೆದಿದ್ದರೆ ಪೊಲೀಸ್ ಠಾಣೆಯ ಸ್ವೀಕೃತಿ ಪಡೆದು, ಬಿ ರಿಜಿಸ್ಟರಿನ ನಕಲಿಗೆ ಲಿಖಿತ ಅರ್ಜಿ ಕೊಟ್ಟು ರಸೀದಿ ಇಟ್ಟುಕೊಳ್ಳಿ.

ಆಯುಕ್ತರೇ, ಸುತ್ತೋಲೆ ಹೊರಡಿಸುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಬಜೆಟ್ಟೂ ಬೇಕಿಲ್ಲ. ಮುಂದಿನ ಮಳೆಗಾಲದೊಳಗೆ ಅದು ಹೊರಬೀಳುವಂತೆ ಮಾಡಬೇಕೆಂದು ಈ ಮೂರು ತಾಲೂಕುಗಳ ಪರವಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಿದ್ದಾಪುರ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ