ಉಮಿಯೊ ಡೈರಿ – ಭಾಗ 14: ಮೊದಲು ಮೀಟರ್ ಹಿಡೀರಿ, ಆಮೇಲೆ ಬ್ಯಾಟರಿ ಬದಲಿಸಿ

ಈ ಸಲ ಹಿಮದ ಫೋಟೋ ಇಲ್ಲ, ಬರೀ ಬೈಗುಳ. ಅಮ್ಮ, ಬೇಜಾರಾದ್ರೆ ಓದಬೇಡ.

ಹೋದ ವಾರ ಅಪ್ಪಯ್ಯ ಪಿಕಪ್ ತಳ್ಳಿದ್ರಂತೆ. ಹೃದಯಕ್ಕೆ ಸ್ಟೆಂಟ್ ಹಾಕಿಸ್ಕೊಂಡ ಮನುಷ್ಯ, ಅಡಿಕೆ ಮೂಟೆ ತುಂಬಿದ ಗಾಡಿ, ಏರು ರಸ್ತೆ! "ಸೆಲ್ಫ್ ಎತ್ತಲಿಲ್ಲ ಮಗಾ, ಒಂಚೂರು ಕೈ ಕೊಟ್ಟೆ ಅಷ್ಟೆ" ಅಂತಾರೆ. ಮೂರು ತಿಂಗಳಿಂದ ಇದೇ ಕಥೆ. ಮೊದಲು "ಬ್ಯಾಟರಿ ಹೋಗಿದೆ" ಅಂದ್ರು, ಹೊಸದು ಬಂತು, ಏಳು ಸಾವಿರ. ಎರಡು ವಾರಕ್ಕೆ ಮತ್ತೆ ಕಟ್ ಕಟ್. "ಸೆಲ್ಫ್ ಬಿಚ್ಚಬೇಕು" ಅಂದ್ರು, ಕಾರ್ಬನ್ ಬ್ರಷ್ಷು, ಬುಷ್ಷು ಎಲ್ಲ ಸೇರಿ ಇನ್ನೊಂದು ನಾಲ್ಕೂವರೆ. ಮತ್ತೆ ಕಟ್ ಕಟ್. ಇಷ್ಟರಲ್ಲಿ ಒಬ್ಬರಾದ್ರೂ ಮೀಟರ್ ಹಿಡಿದು ನೋಡಿದ್ರಾ? ಇಲ್ಲ.

ನಮ್ಮ ವಾರ್ಡಿನಲ್ಲಿ ಎದೆನೋವು ಅಂತ ಬಂದವರಿಗೆ ಮೊದಲು ಇಸಿಜಿ ಮಾಡ್ತೀವಿ. ಗ್ಯಾಸ್ ಇರಬಹುದು, ಸ್ನಾಯು ಇರಬಹುದು, ಹಾರ್ಟೇ ಇರಬಹುದು. ಊಹೆ ಮೇಲೆ ಒಂದೊಂದೇ ಔಷಧಿ ಕೊಟ್ಟು ನೋಡೋಣ ಅಂದ್ರೆ ನನ್ನ ಕೆಲಸ ಹೋಗುತ್ತೆ. ಗಾಡಿಗೆ ಮಾತ್ರ ಯಾಕೆ ಊಹೆ ನಡೆಯುತ್ತೆ?

"ನರ್ಸಮ್ಮಂಗೆ ಗಾಡಿ ವಿಷಯ ಏನ್ ಗೊತ್ತು" ಅಂತೀರ. ಜನವರಿಯಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದಾಗ ಹೊರಗೆ ಮೈನಸ್ 24. ನಮ್ಮ ಹಳೇ ಪಿಕಪ್ ಕೀ ತಿರುಗಿಸಿದ್ರೆ ಸದ್ದೇ ಇಲ್ಲ. ಎಲ್ಲರೂ "ಚಳಿ, ಬ್ಯಾಟರಿ" ಅಂದ್ರು. ಚಳಿಗೆ ಬ್ಯಾಟರಿ ಕುಗ್ಗೋದು ನಿಜ, ಅದಕ್ಕೇ ಅದರ ಸ್ಟಾರ್ಟಿಂಗ್ ಶಕ್ತಿಯನ್ನ ಮೈನಸ್ 18ರಲ್ಲಿ ಅಳೆದು ಲೇಬಲ್ ಮೇಲೆ ಬರೀತಾರೆ. ಆದ್ರೆ ನಮ್ಮದು ಬ್ಯಾಟರಿ ಆಗಿರಲಿಲ್ಲ. ಪಕ್ಕದ ಮನೆ ಹುಡುಗ ಬಂದ. ಇಲ್ಲಿ 15 ವರ್ಷದ ಮಕ್ಕಳು ಎ-ಟ್ರಾಕ್ಟರ್ ಅಂತ ಗಂಟೆಗೆ 30 ಕಿಲೋಮೀಟರ್ ಮೀರದ ಹಾಗೆ ಮಾಡಿದ ಗಾಡಿ ಓಡಿಸ್ತಾರೆ, ಅದನ್ನ ರಿಪೇರಿ ಮಾಡ್ತಾ ಮಾಡ್ತಾ ವೈರಿಂಗ್ ಕಲೀತಾರೆ. ಬ್ಯಾಟರಿ 12.6 ತೋರಿಸ್ತು. ಕೀ ತಿರುಗಿಸಿದಾಗ ಸೆಲ್ಫಿನ ಸಣ್ಣ ವೈರಿಗೆ ಹೆಚ್ಚುಕಮ್ಮಿ 12 ಬರಬೇಕಿತ್ತು, ಬಂದದ್ದು ಆರು. ಕೀ ಹಿಂದಿನ ಇಗ್ನಿಷನ್ ಸ್ವಿಚ್‌ನ ಕಾಂಟ್ಯಾಕ್ಟ್ ಸುಟ್ಟಿತ್ತು. ಅಷ್ಟೇ.

ಆ ಹುಡುಗ ಕಲಿಸಿದ್ದನ್ನ ಹೇಳ್ತೀನಿ, ಬರ್ಕೊಳ್ಳಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ.

ಒಂದು, ಲೈಟು ಪೂರ್ತಿ ಮಂಕಾದ್ರೆ: ಬ್ಯಾಟರಿ ಇಳಿದಿದೆ, ಟರ್ಮಿನಲ್ ಸಡಿಲ, ಇಲ್ಲಾ ಸೆಲ್ಫ್ ಜಾಮ್.
ಎರಡು, ಲೈಟು ಹಾಗೇ ಇದ್ದು ಬರೀ ಕಟ್ ಅಂದ್ರೆ: ಕರೆಂಟು ಸೆಲ್ಫಿಗೆ ಪೂರ್ತಿ ತಲುಪ್ತಿಲ್ಲ. ದಪ್ಪ ಕೇಬಲ್, ಅರ್ಥಿಂಗ್, ಸಾಲೆನಾಯ್ಡ್ ನೋಡಿ.
ಮೂರು, ಲೈಟು ಚೆನ್ನಾಗಿದ್ದು ಸದ್ದೇ ಇಲ್ಲದಿದ್ರೆ: ಫ್ಯೂಸ್, ರಿಲೇ, ಇಗ್ನಿಷನ್ ಸ್ವಿಚ್, ಕೆಲವು ಗಾಡಿಯಲ್ಲಿ ಕ್ಲಚ್ ಸ್ವಿಚ್.

ಇನ್ನು ಮೀಟರ್. ಕಪ್ಪು ತುದಿ ಬ್ಯಾಟರಿಯ ಮೈನಸ್ ಮೇಲೆ, ಕೆಂಪು ತುದಿ ಇಂಜಿನ್ನಿನ ಬರಿ ಲೋಹದ ಮೇಲೆ. ಒಬ್ಬರು ಕೀ ತಿರುಗಿಸಲಿ. 0.2 ವೋಲ್ಟ್ ಆಸುಪಾಸು ಬಂದ್ರೆ ಸರಿ. ಒಂದು, ಎರಡು ಅಂತ ಏರಿದ್ರೆ ಅರ್ಥಿಂಗ್ ಕೆಟ್ಟಿದೆ.

ಭಾನುವಾರ ವಿಡಿಯೋ ಕಾಲ್‌ನಲ್ಲಿ ತಮ್ಮನ ಕೈಲಿ ಇದನ್ನೇ ಮಾಡಿಸ್ದೆ. ಮೂರರ ಹತ್ತಿರ ಬಂತು! ಚಾಸಿಯಿಂದ ಇಂಜಿನ್ನಿಗೆ ಹೋಗೋ ಅರ್ಥ್ ಪಟ್ಟಿ ಬೋಲ್ಟಿನ ಹತ್ರ ಹಸಿರುಗಟ್ಟಿ ತಿಂದುಹೋಗಿತ್ತು. ನಮ್ಮ ಮಲೆನಾಡಿನ ಮಳೆಗೆ ಅದೇನು ಆಶ್ಚರ್ಯ? ಹೊಸ ಪಟ್ಟಿ, ಬೋಲ್ಟು ಸೇರಿ ಇನ್ನೂರು ರೂಪಾಯಿ ಒಳಗೆ. ಜಾಗ ಉಜ್ಜಿ ಬಿಗಿ ಮಾಡಿದ, ಒಂದೇ ಕೀಗೆ ಗಾಡಿ ಎದ್ದಿತು. ಇನ್ನೂರಕ್ಕೆ ಮುಗಿಯೋದಕ್ಕೆ ಹನ್ನೊಂದೂವರೆ ಸಾವಿರ ಸುರಿದಿದ್ವಿ.

ಹಾಗಂತ ತಪ್ಪೆಲ್ಲ ಮೆಕ್ಯಾನಿಕ್ಕಿಂದು ಅಂತ ನಾನು ಹೇಳಲ್ಲ. ಅರ್ಧ ಗಂಟೆ ಹುಡುಕಿ "ಪಾರ್ಟ್ ಏನೂ ಬೇಡಣ್ಣ, ಮುನ್ನೂರು ಕೊಡಿ" ಅಂದ್ರೆ ನಾವು ಕೊಡ್ತೀವಾ? "ಏನ್ ಮಾಡಿದ್ದೀಯ ಅಂತ ಮುನ್ನೂರು" ಅಂತೀವಿ. ಪಾರ್ಟಿಗೆ ಸಾವಿರಗಟ್ಟಲೆ ಕೊಡ್ತೀವಿ, ತಲೆಗೆ ಒಂದು ರೂಪಾಯಿ ಕೊಡಲ್ಲ. ಇಂಜೆಕ್ಷನ್ ಚುಚ್ಚದ ಡಾಕ್ಟ್ರು ಸರಿಯಿಲ್ಲ ಅನ್ನೋ ಬುದ್ಧಿನೇ ಇದು. ಇಲ್ಲಿ ಗ್ಯಾರೇಜ್ ಬಿಲ್ಲಿನಲ್ಲಿ ದೋಷ ಹುಡುಕಿದ್ದಕ್ಕೇ ಒಂದು ಸಾಲು ಇರುತ್ತೆ. ದುಬಾರಿ, ನಾನೂ ಗೊಣಗ್ತೀನಿ. ಆದ್ರೂ ಕೊಡ್ತೀನಿ.

ಇನ್ನೊಂದು. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಸೆಲ್ಫ್ ಹೊಡೆಸೋ ಶೂರರಿದ್ದೀರಲ್ಲ, ದಯವಿಟ್ಟು ಬಿಡಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ, ಒಂದು ಕಿಡಿ ಸಾಕು. ಗಾಡಿ ಗೇರಿನಲ್ಲಿದ್ರೆ ಮೈಮೇಲೇ ಬರುತ್ತೆ.

ತಮ್ಮಾ, ಪೇಟೆಯಲ್ಲಿ ಸಾದಾ ಡಿಜಿಟಲ್ ಮೀಟರ್ ಒಂದು ತಗೋ, ದುಡ್ಡು ನಾನು ಹಾಕ್ತೀನಿ. ಡ್ಯಾಶ್‌ಬೋರ್ಡಲ್ಲಿ ದೇವರ ಫೋಟೋ ಪಕ್ಕ ಇಡು.

ಅಪ್ಪಯ್ಯ, ನೀವು ಇನ್ನು ಗಾಡಿ ಮುಟ್ಟಿ ತಳ್ಳಿದ್ದು ಗೊತ್ತಾದ್ರೆ, ರಜೆಗೆ ಕಾಯದೆ ಮುಂದಿನ ಫ್ಲೈಟಿಗೇ ಬರ್ತೀನಿ. ಬೈಯೋಕೆ.